ದೇವರಿಲ್ಲದ ಮಾಷ್ಟ್ರು ಮತ್ತು ನಮ್ಮ ನಾಗಬನ

ವಾದ ಮಾಡುವವರು ಒಬ್ಬರು ಮನೆಯಲ್ಲಿದ್ದರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವುದು ಬೇಡ, ಅವೇ ಬಂದು ಜಗಲಿಯಲ್ಲಿ ಕೂರುತ್ತವೆ. ಕಾಪುವಿನ ನಮ್ಮ ಮನೆಯ ಹೊರಕೋಣೆಗೆ ಮಾಷ್ಟ್ರು ಬಾಡಿಗೆಗೆ ಬಂದ ಮೇಲೆ ನನಗೆ ಆದದ್ದು ಹೀಗೆಯೇ.

ಶಿರ್ವದ ಕ್ರಿಶ್ಚಿಯನ್ ಮನೆಯವರು ಅವರು. ಮಣಿಪಾಲದಲ್ಲಿ ಕಾಲೇಜು ಮಕ್ಕಳಿಗೆ ಪ್ರಾಣಿಗಳ ವಿಷಯ ಪಾಠ ಹೇಳುತ್ತಿದ್ದರು. ಇಗರ್ಜಿಗೂ ಹೋಗುವವರಲ್ಲ, ದೇವಸ್ಥಾನಕ್ಕೂ ಇಲ್ಲ. "ದಿನಾ ಇಷ್ಟು ದೂರ ಬಸ್ಸಿನಲ್ಲಿ ಯಾಕೆ ಸಾಯುತ್ತೀರಿ? ಉಡುಪಿಯಲ್ಲಿ, ಬನ್ನಂಜೆಯಲ್ಲೋ ಎಲ್ಲೋ ಒಂದು ಕೋಣೆ ಹಿಡಿಯಿರಿ" ಎಂದು ನಾನಂದರೆ, "ಅಲ್ಲಿ ಕಿಟಕಿ ತೆರೆದರೆ ಗೋಡೆ ಕಾಣುತ್ತದೆ ಅಕ್ಕ. ಇಲ್ಲಿ ನಿಮ್ಮ ನಾಗಬನದ ಮರಗಳು ಕಾಣುತ್ತವೆ" ಎನ್ನುತ್ತಿದ್ದರು.

ನಾಗ ಬೇಡ, ಬನ ಬೇಕು! ಇಂಥ ಮನುಷ್ಯನನ್ನು ನಾನು ಅದುವರೆಗೆ ಕಂಡದ್ದಿಲ್ಲ.

ನಾನು ಶಾಲೆಗೆ ಹೋದವಳಲ್ಲ, ಆದರೆ ಬಾಯಿ ಉಂಟಲ್ಲ. ಸಂಜೆ ಅವರು ಚಾ ಹಿಡಿದು ಕೂತರೆ ನಾನು ಬೀಡಿ ಸುತ್ತುತ್ತಾ ಎದುರಿಗೆ ಕೂರುತ್ತಿದ್ದೆ. ವಾದ ಶುರು.

ಅಜ್ಜನಿಗೆ ಚೌಕಾಸಿ

ಒಂದು ದಿನ ಮಾಷ್ಟ್ರು ಹೇಳಿದರು, "ಅಕ್ಕ, ನಮ್ಮೆಲ್ಲರ ಅಜ್ಜನ ಅಜ್ಜನ ಅಜ್ಜ, ಹಿಂದೆ ಹಿಂದೆ ಹೋದರೆ, ಒಂದು ಮೀನು."

"ನಿಮ್ಮ ಕಡೆಯವರು ಇರಬಹುದು" ಎಂದೆ ನಾನು. "ನಮ್ಮದು ಗುತ್ತಿನ ಮನೆ, ಊರಿನ ದೊಡ್ಡ ಮನೆತನ."

ಅವರು ಬಿಡಲಿಲ್ಲ. ನನ್ನ ಕಿವಿಯ ಕಡೆ ಬೆರಳು ತೋರಿಸಿದರು. ಕಿವಿಯ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಎಲುಬುಗಳಿವೆಯಂತೆ. ಅವು ಹಿಂದೆ ಮೀನಿನ ದವಡೆಯ ಹತ್ತಿರ ಇದ್ದವಂತೆ. ಯುಗಯುಗ ಕಳೆದು, ಸ್ವಲ್ಪ ಸ್ವಲ್ಪವೇ ಸರಿದು ಕಿವಿಯ ಒಳಗೆ ಬಂದವಂತೆ. "ಈಗ ನೀವು ನನ್ನ ಮಾತು ಕೇಳುತ್ತಿರುವುದು ಆ ಹಳೆಯ ಮೀನಿನ ಎಲುಬಿನಿಂದ ಅಕ್ಕ!"

ನನ್ನ ಕೈಯಲ್ಲಿದ್ದ ಬೀಡಿ ಎಲೆ ಹಾಗೆಯೇ ನಿಂತಿತು. ಸುಳ್ಳೋ ನಿಜವೋ, ಎಂಥ ಮಾತು ಅದು! ಅತ್ತ ಸಮುದ್ರದ ಸದ್ದು ಕೇಳುತ್ತಿತ್ತು. ಅದನ್ನು ಕೇಳುತ್ತಿರುವುದು ನಾನೋ, ನನ್ನೊಳಗಿನ ಮೀನೋ ಎಂದು ಮೈ ಜುಂ ಎಂದಿತು.

ಅಷ್ಟರಲ್ಲಿ ಎರ್ಮಾಳಿನ ಮೀನಿನಾಕೆ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಮಾಷ್ಟ್ರಿಗೆ ಮೀನೆಂದರೆ ಪ್ರಾಣ. ಪಾಠ ಬಿಟ್ಟು ಓಡಿದರು. ಬಂಗುಡೆಯ ಕಿವಿರು ಎತ್ತಿ ನೋಡಿದರು, ಮೂಸಿದರು, "ನಿನ್ನೆಯದ್ದು ಇದು, ಕಡಿಮೆ ಮಾಡು" ಎಂದು ಹಟ ಹಿಡಿದರು. ನಾನು ಸುಮ್ಮನಿರಲಾರದೆ ಮೀನಿನಾಕೆಗೆ ಅಜ್ಜನ ವಿಷಯ ಹೇಳಿದೆ. ಅವಳು ಸೊಂಟಕ್ಕೆ ಕೈ ಇಟ್ಟು ಮಾಷ್ಟ್ರನ್ನು ನೋಡಿದಳು.

"ಎಂತ ಮಾಷ್ಟ್ರೇ, ಸ್ವಂತ ಅಜ್ಜನಿಗೆ ಇಷ್ಟು ಚೌಕಾಸಿ ಮಾಡುವುದಾ?"

ಮಾಷ್ಟ್ರು ಕೇಳಿದಷ್ಟು ಕೊಟ್ಟು ಒಳಗೆ ಹೋದರು. ಆ ದಿನ ಸಾರಿನಲ್ಲಿ ಬಂಗುಡೆಯ ತಲೆ ಕಂಡಾಗ ನಾನೂ ಸ್ವಲ್ಪ ಹೊತ್ತು ಅದರ ಮುಖ ನೋಡಿದೆ. ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಮತ್ತೆ ತಿಂದೆ.

ಕಾರ್ಕಳದ ಕಲ್ಲು

ಗೊಮ್ಮಟನನ್ನು ನೋಡಬೇಕೆಂದು ನನಗೆ ಬಹಳ ದಿನದ ಆಸೆ. ಒಂದು ಆದಿತ್ಯವಾರ ನಮ್ಮ ಯಜಮಾನರು, ನಾನು, ಮಾಷ್ಟ್ರು ಬಸ್ಸು ಹಿಡಿದು ಕಾರ್ಕಳಕ್ಕೆ ಹೋದೆವು.

ಬೆಟ್ಟದ ಮೇಲೆ ಆ ಮೂರ್ತಿಯನ್ನು ನೋಡಿ ನಾನು ಕೈ ಮುಗಿದೆ. ಆಕಾಶವನ್ನು ತಲೆಗೆ ತಾಗಿಸಿಕೊಂಡು, ಯಾರ ಮೇಲೂ ಕೋಪವಿಲ್ಲದೆ ನಿಂತಿದ್ದಾನೆ! "ಈಗ ಹೇಳಿ ಮಾಷ್ಟ್ರೇ, ದೇವರಿಲ್ಲ ಅಂತ" ಎಂದು ತಿರುಗಿದರೆ ಮಾಷ್ಟ್ರೇ ಇಲ್ಲ. ಕೆಳಗೆ, ಮೆಟ್ಟಿಲ ಬದಿಯ ಬರೀ ಬಂಡೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಿದ್ದರು.

"ಎಂತ ಆಯಿತು? ತಲೆ ತಿರುಗಿತಾ?" ಎಂದು ಇಳಿದು ಹೋಗಿ ಕೇಳಿದೆ.

"ಅಕ್ಕ, ಈ ಕಲ್ಲು ಗಟ್ಟಿಯಾಗುವಾಗ ಭೂಮಿಯ ಮೇಲೆ ಹುಲ್ಲಿಲ್ಲ, ಹಕ್ಕಿಯಿಲ್ಲ, ಒಂದು ಇರುವೆ ಕೂಡ ಇಲ್ಲ. ಮುಟ್ಟಿ ನೋಡಿ."

ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು, ಜೀವ ಇದ್ದ ಹಾಗೆ. ಇಬ್ಬರೂ ಅಂಗೈ ತೆಗೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅವರ ಕಣ್ಣಲ್ಲೂ ಇತ್ತು. ವಾದ ಮಾಡಲು ಇಬ್ಬರಿಗೂ ನೆನಪಾಗಲಿಲ್ಲ.

ತಿರುಗಿ ನೋಡಿದರೆ ಹಿಂದೆ ಸಾಲು! ಬೆಟ್ಟ ಹತ್ತುತ್ತಿದ್ದ ಜನ ನಮ್ಮನ್ನು ನೋಡಿ, ಅಲ್ಲಿ ಮುಟ್ಟಿಯೇ ಮೇಲೆ ಹೋಗಬೇಕೆಂದು ತಿಳಿದಿದ್ದರು. ಒಬ್ಬಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಇನ್ನೊಬ್ಬಳು ಮಗುವಿನ ತಲೆ ತಾಗಿಸಿದಳು. ಮಾಷ್ಟ್ರು ಕಂಗಾಲಾಗಿ, "ಇದು ಬರೀ ಕಲ್ಲು ಮಾರಾಯ್ರೇ!" ಎಂದು ಕೂಗಿದರು.

"ಎಲ್ಲ ದೇವರೂ ಕಲ್ಲೇ ಅಲ್ವಾ" ಎಂದು ಒಬ್ಬ ಮುದುಕ ಅವರನ್ನು ಬದಿಗೆ ಸರಿಸಿ ಮುಟ್ಟಿದ.

ಮರುವರ್ಷ ನಾನು ನೆಂಟರೊಟ್ಟಿಗೆ ಹೋದಾಗ ಆ ಜಾಗದಲ್ಲಿ ಯಾರೋ ಹೂ ಇಟ್ಟಿದ್ದರು. ಮಾಷ್ಟ್ರಿಗೆ ಹೇಳಿದೆ. ಎರಡು ದಿನ ಚಾ ಕುಡಿಯಲು ಜಗಲಿಗೇ ಬರಲಿಲ್ಲ.

ಮೊದಲ ಏಟು

ಇನ್ನು ಬನದ ಕತೆ. ನಮ್ಮ ಬನದ ನಡುವೆ ಒಂದು ರೆಂಜೆ, ಅಂದರೆ ಬಕುಲದ ಮರ, ಅದರ ಬುಡದಲ್ಲಿ ನಾಗನ ಕಲ್ಲುಗಳು. ಹೂ ಉದುರುವ ಕಾಲದಲ್ಲಿ ಇಡೀ ಮನೆ ಘಮಘಮ. ಮನುಷ್ಯರು ಬರುವ ಮೊದಲು ಈ ಕರಾವಳಿ ಹೇಗಿತ್ತೋ, ಅದರ ಒಂದು ತುಂಡು ಇಲ್ಲಿ ಉಳಿದಿದೆ ಎನ್ನುತ್ತಿದ್ದರು ಮಾಷ್ಟ್ರು. "ನಾಗ ಉಳಿಸಿದ್ದು" ಎಂದು ನಾನು. "ಹೆದರಿಕೆ ಉಳಿಸಿದ್ದು" ಎಂದು ಅವರು. ಹೀಗೆ ವರ್ಷಗಟ್ಟಲೆ.

ಆಗ ನನ್ನ ಮೈದುನ ಬಹರೈನಿನಿಂದ ರಜೆಗೆ ಬಂದ. ಹರಕೆ ಹೊತ್ತುಕೊಂಡೇ ಬಂದಿದ್ದ. ಬನದ ಮರಗಳನ್ನು ತೆಗೆದು, ನಾಗನಿಗೆ ಸಿಮೆಂಟು ಕಟ್ಟೆ, ಬಿಳಿ ಟೈಲ್ಸು, ಕಬ್ಬಿಣದ ಗೇಟು, ಟ್ಯೂಬ್‌ಲೈಟು. ಸಾಮಾನು ಆಗಲೇ ಅಂಗಳಕ್ಕೆ ಬಂದು ಬಿದ್ದಿತ್ತು.

"ನಾನು ಅಲ್ಲಿ ಏಸಿ ಕೋಣೆಯಲ್ಲಿ ಮಲಗುವುದು, ನಾಗ ಇಲ್ಲಿ ಮಳೆಯಲ್ಲಿ ನೆನೆಯುವುದಾ ಅತ್ತಿಗೆ?" ಎಂದ. ಅವನ ಭಕ್ತಿ ಸುಳ್ಳಲ್ಲ, ಅದೇ ಕಷ್ಟ. ಯಜಮಾನರು ತಮ್ಮನಿಗೆ ಎದುರು ಹೇಳುವವರಲ್ಲ. ನಾನು ಬೇಡವೆಂದರೂ ಕೇಳಲಿಲ್ಲ. ಮಾಷ್ಟ್ರು ಹಕ್ಕಿ, ಕಪ್ಪೆ, ಬಾವಿಯ ನೀರು ಎಂದೆಲ್ಲ ಹೇಳಿ ನೋಡಿದರು.

"ದೇವರಿಲ್ಲದವರಿಗೆ ನಾಗನ ವಿಷಯ ಯಾಕೆ ಮಾಷ್ಟ್ರೇ?" ಎಂದು ಮೈದುನ ಬಾಯಿ ಮುಚ್ಚಿಸಿದ.

ಕಡಿಯುವ ದಿನ ಊರಿನವರೆಲ್ಲ ಸೇರಿದರು. ಆದರೆ ಕೊಡಲಿಯವರು ಬನದ ಹೊರಗೇ ನಿಂತರು. "ಮೊದಲ ಏಟು ನೀವು ಹಾಕಿ ಧನಿಗಳೇ. ಮತ್ತೆ ನಾವು ಕಡಿಯುತ್ತೇವೆ." ನಾಗದೋಷ ಮೊದಲ ಕೈಗೆ, ಅದು ಚರ್ಮರೋಗವಾಗಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಮೈದುನ ಹಿಂದೆ ಸರಿದ. "ನನಗೆ ಬಹರೈನಿಗೆ ಹೋದ ಕೂಡಲೇ ಮೆಡಿಕಲ್ ಟೆಸ್ಟ್ ಉಂಟು ಮಾರಾಯ್ರೇ. ಚರ್ಮದಲ್ಲಿ ಒಂದು ಕಲೆ ಬಂದರೂ ವಾಪಸು ಕಳುಹಿಸುತ್ತಾರೆ." ಅಣ್ಣನ ಮುಖ ನೋಡಿದ. ಅಣ್ಣ ಆಕಾಶ ನೋಡಿದರು. ಆಗ ಮೈದುನನ ಮುಖ ಅರಳಿತು.

"ಮಾಷ್ಟ್ರೇ! ನಿಮಗೆ ನಾಗನೂ ಇಲ್ಲ, ದೋಷವೂ ಇಲ್ಲ ಅಲ್ವಾ? ನೀವು ಹಾಕಿ!"

ಕೊಡಲಿ ಮಾಷ್ಟ್ರ ಕೈಗೆ ಬಂತು. ಊರಿಗೆ ಊರೇ ಹತ್ತಿರ ಸರಿಯಿತು. ಹೊಡೆದರೆ ಮರ ಹೋಯಿತು. ಹೊಡೆಯದಿದ್ದರೆ ಇಷ್ಟು ವರ್ಷ ಜಗಲಿಯಲ್ಲಿ ಗೆದ್ದ ವಾದವೆಲ್ಲ ಹೋಯಿತು. ಮಾಷ್ಟ್ರು ಮರದ ತುದಿ ನೋಡಿದರು. ಒಂದು ರೆಂಜೆ ಹೂ ಅವರ ಹೆಗಲ ಮೇಲೆ ಬಿತ್ತು. ಕೊಡಲಿ ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನ್ನಿಂದ ಆಗುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ."

ಅಬ್ಬಾ! ಕೊಡಲಿಯವರು ಓಡಿದ್ದು ನಾನು ನೋಡಿದ್ದೇನೆ. ಮಾಷ್ಟ್ರನ್ನೇ ಹೆದರಿಸಿದ ನಾಗ ಎಂದರೆ ಅದು ಸಾಮಾನ್ಯ ನಾಗನಾ? ಮೈದುನ ಬನದ ಮುಂದೆ ಅಡ್ಡಬಿದ್ದು ತಪ್ಪಾಯಿತು ಎಂದ. ಆಮೇಲೆ ಅಲ್ಲಿಂದ ಒಂದು ಕಡ್ಡಿ ಮುರಿಯುವ ಧೈರ್ಯವೂ ಯಾರಿಗೂ ಬರಲಿಲ್ಲ.

ಸಂಜೆ ಚಾ ಕೊಡುವಾಗ ಮೆಲ್ಲನೆ ಕೇಳಿದೆ, "ನಿಜವಾಗಿ ಹೆದರಿದಿರಾ?"

"ಹೌದಕ್ಕ. ಮರ ಹೋಗುತ್ತದೆ ಎಂದು." ಚಾ ಲೋಟ ಕೆಳಗಿಟ್ಟು ಹೇಳಿದರು, "ಊರಿನ ಲೆಕ್ಕದಲ್ಲಿ ಗೆದ್ದದ್ದು ನೀವೇ ಆಗಲಿ, ನಿಜ ಯಾರಿಗೂ ಹೇಳಬೇಡಿ."

ನಾಗನ ಹೆಸರಿನಲ್ಲಿ ತಂದ ಟೈಲ್ಸನ್ನು ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲವಲ್ಲ. ಊರಲ್ಲೆಲ್ಲ ನಾಗನಿಗೆ ಹೆಚ್ಚು ಹೆದರುವವರು ಮಾಷ್ಟ್ರೇ ಎಂದು ಮೈದುನ ಅದನ್ನು ಅವರ ಕೋಣೆಗೂ ಜಗಲಿಗೂ ಹಾಕಿಸಿ, ಕಟ್ಟುನಿಟ್ಟಾಗಿ ಹೇಳಿ ಹೋದ: ಚಪ್ಪಲಿ ಹೊರಗೆ, ಮೀನು ಒಳಗೆ ಬರಬಾರದು.

ಅಲ್ಲಿಂದ ಮುಂದೆ ಮಾಷ್ಟ್ರು ಮೀನಿದ್ದ ದಿನ ಬಟ್ಟಲು ಹಿಡಿದು ಅಂಗಳದಲ್ಲಿ ನಿಂತು ಉಣ್ಣುತ್ತಿದ್ದರು. ಎರ್ಮಾಳಿನ ಮೀನಿನಾಕೆ ಅದನ್ನು ಕಂಡು ಬುಟ್ಟಿ ಇಳಿಸಿ ಕೇಳಿದಳು:

"ಎಂತ ಮಾಷ್ಟ್ರೇ, ಅಜ್ಜನನ್ನು ಮನೆಯೊಳಗೆ ಸೇರಿಸುವುದಿಲ್ಲವಾ?"