ಮೂರನೇ ಮಹಡಿಯ ತಂಬಿಗೆ

ಡಚ್ಚರ ನಾಡಿನ ನ್ಯೂವೆಗೈನ್‌ನ ಆಫೀಸಿನ ಮೂರನೇ ಮಹಡಿಯ ಶೌಚಾಲಯದಲ್ಲಿ, ಕಮೋಡಿನ ಹಿಂದೆ ಹಾಲಪ್ಪ ಇಟ್ಟಿದ್ದ ಸ್ಟೀಲ್ ತಂಬಿಗೆಯನ್ನು ಯಾರೋ ಎತ್ತಿಕೊಂಡು ಹೋಗಿದ್ದರು.

ಹಿಂದಿನ ದಿನ ಬೆಸ್ಟ್ ಎಂಬ ಊರಿನ ಗೆಳೆಯರೊಬ್ಬರ ಮನೆಯಲ್ಲಿ ಗಿರ್ಮಿಟ್ಟಿನ ಜೊತೆ ಮಿರ್ಚಿ ಭಜಿ ಕರಿದಿದ್ದರು. ಗದಗಿನ ನಾಲಿಗೆ ಸಾಕು ಅನ್ನಲಿಲ್ಲ. ಬೆಳಿಗ್ಗೆ ಮನೆ ಇದ್ದ ವೂರ್‌ಬರ್ಗ್‌ನಿಂದ ರೈಲು, ಟ್ರಾಮ್ ಹಿಡಿದು ಬರುವ ತನಕ ಸುಮ್ಮನಿದ್ದ ಹೊಟ್ಟೆ ಆಫೀಸಿನ ಲಿಫ್ಟು ಹತ್ತಿದ್ದೇ ಬಯಲಾಟದ ರಾಕ್ಷಸನ ಹಾಗೆ ಅಬ್ಬರಿಸತೊಡಗಿತು. ಹಾಲಪ್ಪ ಕೋಟನ್ನೂ ಬಿಚ್ಚದೆ ಓಡಿ ಕಮೋಡಿನ ಹಿಂದೆ ಕೈ ಹಾಕಿದ. ಗೋಡೆ ಸಿಕ್ಕಿತು. ಪಕ್ಕದಲ್ಲಿ ಕಾಗದದ ಸುರುಳಿಯೊಂದು, ಹೂವಿನ ಚಿತ್ರ ಹೊತ್ತು, ಮೆತ್ತಗೆ ನೇತಾಡುತ್ತಿತ್ತು. ಬಾಯಾರಿದವನು ಬಾವಿಯ ಫೋಟೊ ನೋಡುವ ಹಾಗೆ ಅದನ್ನು ನೋಡಿ, ಹಲ್ಲು ಕಚ್ಚಿಕೊಂಡು ಹೊರಗೆ ಬಂದ.

ಆ ಕಂಪನಿಯಲ್ಲಿ ನೌಕರರ ಸುಖಕ್ಕೆ ಕೊರತೆ ಇತ್ತೆಂದರೆ ನಾಲಿಗೆ ಬಿದ್ದುಹೋದೀತು. ಬೆನ್ನು ತಿಕ್ಕುವ ಕುರ್ಚಿ ಇತ್ತು. ಕಣ್ಣು ಮುಚ್ಚಿ ಕೂರಲು ಲ್ಯಾವೆಂಡರ್ ವಾಸನೆಯ ಕೋಣೆ ಇತ್ತು. ಮನಸ್ಸು ಭಾರವಾದವರು ಅಪ್ಪಿಕೊಳ್ಳಲಿ ಎಂದು ಆಗಾಗ ಬಾಡಿಗೆಗೆ ಒಂದು ನಾಯಿಯನ್ನೂ ತರಿಸುತ್ತಿದ್ದರು. ಮನುಷ್ಯ ಹಿಂದೆ ತೊಳೆದುಕೊಳ್ಳಲು ಬೇಕಾದ ನೀರು ಮಾತ್ರ ಯಾರ ಯೋಜನೆಯಲ್ಲೂ ಇರಲಿಲ್ಲ. ನಲ್ಲಿ ಇದ್ದದ್ದು ಹೊರಗೆ, ಎಲ್ಲರೂ ಕೈ ತೊಳೆಯುವ ಕಡೆ. ಒಳಗೆ ಒಯ್ಯಲು ಪಾತ್ರೆ ಬೇಕು. ‘ಕಾಶಮ್ಮ’ ಎಂದು ಹೆಸರು ಕೊರೆಸಿದ ಆ ತಂಬಿಗೆಯನ್ನು ಹಾಲಪ್ಪನ ಅವ್ವ ಕುಡಿಯುವ ನೀರಿಗೆಂದು ಕೊಟ್ಟು ಕಳಿಸಿದ್ದಳು. ಪರದೇಶದಲ್ಲಿ ಅದಕ್ಕೆ ಬೇರೆ ಹುದ್ದೆ ಸಿಕ್ಕಿತ್ತು.

ಸ್ವಂತ ಕಾಫಿ ಮಗ್ ಇತ್ತು, ನಿಜ. ಆದರೆ ಅದರ ಮೇಲೆ ಕಂಪನಿ ಅವನದೇ ನಗುಮುಖ ಅಚ್ಚು ಹಾಕಿಸಿತ್ತು. ಆ ಮುಖ ಹಿಡಿದುಕೊಂಡು ಆ ಕೆಲಸಕ್ಕೆ ಹೋಗಲು ಮನಸ್ಸು ಬರಲಿಲ್ಲ. ಪಕ್ಕದ ಮೇಜಿನ ಸುಜಯ್‌ನ ನೀರಿನ ಬಾಟಲಿ ಕೇಳಿದ. ಯಾಕೆ ಎಂದು ಅವನು ಕೇಳಿದಾಗ ಕಿವಿಯಲ್ಲಿ ಹೇಳಿದ. ಸುಜಯ್ ಬಾಟಲಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದ.

“ಬೇಕಾದ್ರೆ ಲ್ಯಾಪ್‌ಟಾಪ್ ತಗೊಳ್ಳಿ ಸರ್. ಪೇಪರ್ ಇದ್ಯಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ.”

“ಕೈಗೆ ರಾಡಿ ಹತ್ತಿದ್ರ ಪೇಪರ್‌ಲೆ ಒರಸ್ಕೊಂಡು ಊಟಕ್ಕ ಕೂಡ್ತಿಯೇನೋ ನೀ?”

ಸುಜಯ್‌ಗೆ ಬಾಟಲಿ ಕೊಡಲು ಕೈ ಇರಲಿಲ್ಲ. ಬಾಯಿ ಇತ್ತು. ಕಾಫಿ ಹೊತ್ತಿಗೆ ಎದುರು ಸಾಲಿನ ತನುಶ್ರೀಗೆ ಸುದ್ದಿ ಮುಟ್ಟಿತು.

“ನಾಚ್ಕೊಂಡ್ರೆ ಆಗಲ್ಲ ಸರ್. ಬೇಸಿಕ್ ರೈಟ್ ಇದು. ಮರೈಕ ಹತ್ರ ಹೋಗಿ ಓಪನ್ ಆಗಿ ಹೇಳಿ.”

“ನೀನ ಬಂದು ಹೇಳವಾ.”

“ಅಯ್ಯೋ, ನಾನಾ? ನಂಗೆ ಮೀಟಿಂಗ್ ಇದೆ.”

ಮರೈಕ ನೌಕರರ ಯೋಗಕ್ಷೇಮದ ಮುಖ್ಯಸ್ಥೆ. ಹಾಲಪ್ಪ ಹೋಗಿ ನಿಂತಾಗ ಕೆಲಸದ ಜಾಗದಲ್ಲಿ ಏನಾದರೂ ಅನನುಕೂಲವೇ ಎಂದು ಅಕ್ಕರೆಯಿಂದ ಕೇಳಿದಳು. ಅವನು ಬಾಯಿ ತೆರೆದ. ಈ ಒಂದು ವಿಷಯಕ್ಕೆ ಸಭ್ಯ ಇಂಗ್ಲಿಷ್ ಯಾವ ಟ್ರೇನಿಂಗಿನಲ್ಲೂ ಕಲಿಸಿರಲಿಲ್ಲ. ಎಲ್ಲ ಆರಾಮ ಎಂದ. ಆಗ ಅವಳ ಕಿಟಕಿಕಟ್ಟೆಯ ಮೇಲಿದ್ದ, ಗಿಡಕ್ಕೆ ನೀರು ಹಾಕುವ ಹಸಿರು ಕ್ಯಾನು ಕಣ್ಣಿಗೆ ಬಿತ್ತು. ಉದ್ದ ಕೊಕ್ಕರೆ ಕುತ್ತಿಗೆ, ತುದಿಯಲ್ಲಿ ಹದವಾದ ಬಾಗು. ಡಚ್ಚರ ಬುದ್ಧಿಯ ಬಗ್ಗೆ ಹಾಲಪ್ಪನಿಗೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಅವಳು ಫೋನೆತ್ತಿಕೊಂಡು ಆಚೆ ಹೋದದ್ದೇ ಕ್ಯಾನು ಎತ್ತಿದ. ನಲ್ಲಿಯಲ್ಲಿ ತುಂಬಿಸಿಕೊಂಡು ಒಂದು ಕಾಲು ಬಾಗಿಲೊಳಗೆ ಇಟ್ಟಿದ್ದ, ಅಷ್ಟರಲ್ಲಿ ಹಿಂದಿನಿಂದ ಮರೈಕಳ ದನಿ. ಗಿಡಗಳು ಒಣಗುತ್ತಿವೆ, ಯಾರಾದರೂ ನೀರು ಹಾಕಿ ಎಂದು ಅವಳು ಎಲ್ಲರಿಗೂ ಮೇಲ್ ಬರೆದು ಬರೆದು ಸೋತಿದ್ದಳು. ಇಲ್ಲಿ ಒಬ್ಬ ಪುಣ್ಯಾತ್ಮ ಹೇಳದೆಯೇ ಹೊರಟಿದ್ದಾನೆ. ಕಣ್ಣು ತುಂಬಿಕೊಂಡು ಅವನ ಮೊಣಕೈ ಹಿಡಿದು ರಬ್ಬರ್ ಗಿಡದ ಬುಡಕ್ಕೆ ನಡೆಸಿದಳು. ನೀರು ಗಿಡದ ಪಾಲಾಯಿತು.

ಮತ್ತೆ ತುಂಬಿಸಿದ. ಲೆಕ್ಕಪತ್ರ ವಿಭಾಗದ ದಪ್ಪ ಮನುಷ್ಯನೊಬ್ಬ ಹೆಬ್ಬೆರಳೆತ್ತಿ ತನ್ನ ಕಳ್ಳಿ ಗಿಡ ತೋರಿಸಿದ. ಮತ್ತೆ ತುಂಬಿಸಿದ. ಸ್ವಾಗತದ ಹುಡುಗಿ ಜರೀಗಿಡದ ಕಡೆ ಕರೆದಳು. ಮಧ್ಯಾಹ್ನದ ಹೊತ್ತಿಗೆ ಮಹಡಿಯ ಗಿಡಗಳೆಲ್ಲ ತೊಳೆದುಕೊಂಡು ತಂಪಾದವು, ಹಾಲಪ್ಪನೊಬ್ಬ ಉಳಿದ. ಸುಜಯ್ ಬೇರೆ, ಹಾಲಪ್ಪ ಸರ್‌ಗೆ ಊರಲ್ಲೂ ತೋಟ ಅಂದರೆ ಪ್ರಾಣ ಎಂದು ಸಾರಿಕೊಂಡು ಬಂದ.

ಸಂಜೆ ಎಲ್ಲರೂ ಬಿಯರು, ಎಣ್ಣೆಯಲ್ಲಿ ಕರಿದ ಬಿಸಿ ಉಂಡೆ ಹಿಡಿದು ಸೇರಿದ್ದಾಗ ಮರೈಕ ಗ್ಲಾಸು ತಟ್ಟಿದಳು. ಹಾಲಪ್ಪ ತೊಡೆ ಬಿಗಿದು ಕಂಬಕ್ಕೆ ಒರಗಿದ್ದ. ಇಂಥವರಿಂದಲೇ ಆಫೀಸು ಮನೆಯಾಗುತ್ತದೆ ಎಂದು ಹೇಳಿ ಅವಳು ಬಣ್ಣದ ಕಾಗದ ಸುತ್ತಿದ ಉಡುಗೊರೆ ಕೊಟ್ಟಳು. ಸಿಗಿದು ನೋಡಿದರೆ ಬಾಯಿ ತುಂಬ ಕರಿ ಮಣ್ಣು, ನಡುವೆ ಒಂದು ಟ್ಯುಲಿಪ್ ಗಡ್ಡೆ. ಕಂಠದ ಮೇಲೆ ‘ಕಾಶಮ್ಮ’.

ಇಷ್ಟು ಚಂದದ ಪಾತ್ರೆಯನ್ನು ಯಾರೋ ಶೌಚಾಲಯದ ಮೂಲೆಗೆ ಎಸೆದಿದ್ದರಂತೆ. ನಿನ್ನೆ ಅವಳೇ ಕೈಯಾರೆ ತಂದು ತೊಳೆದಿದ್ದಳು. ಬೇರು ಕೊಳೆಯದಿರಲಿ ಎಂದು ತಳಕ್ಕೆ ತೂತನ್ನೂ ಕೊರೆದಿದ್ದಳು. ತನುಶ್ರೀ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮರೈಕ ತುಂಬಿದ ಹಸಿರು ಕ್ಯಾನನ್ನು ಅವನ ಕೈಗೆ ಕೊಟ್ಟು, ಮೊದಲ ನೀರು ನಿಮ್ಮ ಕೈಯಿಂದಲೇ ಬೀಳಲಿ ಎಂದಳು. ಮಹಡಿಗೆ ಮಹಡಿಯೇ ಕಾದು ನಿಂತಿತು. ಹಾಲಪ್ಪನ ಹೊಟ್ಟೆ ಒಮ್ಮೆ ದೀರ್ಘವಾಗಿ ಗುಡುಗಿತು. ಅವನು ತಂಬಿಗೆಯನ್ನು ಮೇಜಿನ ಮೇಲಿಟ್ಟು, ಕ್ಯಾನನ್ನು ಕೂಸಿನಂತೆ ಎದೆಗವಚಿಕೊಂಡ.

“ಈ ನೀರ ನಾ ಯಾರಿಗೂ ಹಾಕಂಗಿಲ್ಲ.”