ಮೋಡೆಮ್ಮಿಗೆ ಒಪ್ಪಿಗೆ, ಕುಂಕುಮ ಸಮೇತ

ಮಾಲೂರಿನ ನಮ್ಮ ಚಿಕ್ಕ ಕಾರ್ಖಾನೆಯಿಂದ ಮೋಡೆಮ್ ಯಾವ ದೇಶಕ್ಕೆ ಹೊರಟರೂ, ಅದು ಅಲ್ಲಿಗೆ ತಲುಪುವ ಮೊದಲು ನನಗೊಂದು ಫಜೀತಿ ತಲುಪಿರುತ್ತದೆ.

ತಂತಿ ಫೋನಿನ ಮೋಡೆಮ್ ಈಗ ಯಾರಿಗೆ ಬೇಕು ಅನ್ನಬೇಡಿ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ಎಷ್ಟೋ ಕಡೆ ಇನ್ನೂ ಇದರಿಂದಲೇ ಹೊರಗೆ ಫೋನ್ ಹೋಗುವುದು. ಆದರೆ ಪ್ರತಿ ದೇಶವೂ ತಾನೇ ಪರೀಕ್ಷೆ ಮಾಡಿ ಒಪ್ಪಿಗೆ ಪತ್ರ ಕೊಡಬೇಕು. ಆ ಪತ್ರ ತರಿಸುವುದೇ ನನ್ನ ಕೆಲಸ.

ಮಾವನವರ ಮೆಚ್ಚುಗೆ

ಹೋಳೂರಿನ ನಮ್ಮ ಮಾವನವರಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದೆ.

"ಒಂದೊಂದು ದೇಶದ ರಿಂಗು ಒಂದೊಂದು ಥರ ಮಾವ. ಅದಕ್ಕೇ ಎಲ್ಲರೂ ಬೇರೆ ಬೇರೆ ಪರೀಕ್ಷೆ ಮಾಡ್ತಾರೆ."

"ಫೇಲಾದ್ರೆ?"

"ಏನು ಊನ ಅಂತ ಬರೆದು ವಾಪಸ್ ಕಳಿಸ್ತಾರೆ."

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಒಳ್ಳೇ ಜನ ಕಣಪ್ಪ. ನಮ್ಮ ಹುಡುಗನಿಗೆ ಆರು ಕಡೆ ಹೆಣ್ಣು ಕೇಳಿದ್ವಿ. ಒಬ್ರೂ ಕಾರಣ ಹೇಳ್ಲಿಲ್ಲ."

ಎಷ್ಟು ಸಲ ಫೋನ್ ಮಾಡಬಹುದು?

ಒಂದು ದೇಶ ನಮ್ಮ ಮೋಡೆಮ್ಮನ್ನು ಫೇಲ್ ಮಾಡಿತು. ಆ ಕಡೆಯವರು ಎತ್ತದಿದ್ದರೆ ಇದು ಮತ್ತೆ ಮತ್ತೆ ಫೋನ್ ಮಾಡುತ್ತದೆ, ಕೆಲವು ಸಲವಾದ ಮೇಲೆ ನಿಲ್ಲಿಸಬೇಕು ಎಂದು ಅವರ ತಕರಾರು.

ನಮ್ಮ ಸೂಪರ್‌ವೈಸರಮ್ಮ ಗೌನಿಪಲ್ಲಿಯಲ್ಲಿ ಹುಟ್ಟಿ ಲಕ್ಕೂರಿಗೆ ಸೊಸೆಯಾಗಿ ಬಂದವರು. ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ವಿಷಯ ಕೇಳಿ ನಿಟ್ಟುಸಿರುಬಿಟ್ಟರು.

"ಎತ್ತೋವರೆಗೂ ಫೋನ್ ಮಾಡಬಾರ್ದಾ ಸಾರ್? ಹಂಗಾದ್ರೆ ಆ ದೇಶದಲ್ಲಿ ನಮ್ಮತ್ತೆಗೆ ಅಪ್ರೂವಲ್ ಸಿಗಲ್ಲ ಬಿಡಿ."

ಕೆಂಪು ಪುಡಿ

ಅದೇ ದೇಶ ರಿಂಗಿನ ನೆಪದಲ್ಲಿ ಎರಡನೇ ಸಲವೂ ಫೇಲ್ ಮಾಡಿತು. ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟರು: "ಈ ಸಲ ಆಗದಿದ್ರೆ ಮೋಡೆಮ್ ವಿಭಾಗ ಬಂದ್." ಅಂದರೆ ಸೂಪರ್‌ವೈಸರಮ್ಮನೂ ಸೇರಿ ಎಂಟು ಹೆಣ್ಣುಮಕ್ಕಳ ಕೆಲಸಕ್ಕೆ ಸಂಚಕಾರ.

ಮೂರನೇ ಸ್ಯಾಂಪಲ್ ಸಿದ್ಧವಾಗಿದ್ದು ಆಯುಧಪೂಜೆಯ ದಿನ. ಪ್ಯಾಕ್ ಮಾಡಿದ್ದು ಸೂಪರ್‌ವೈಸರಮ್ಮ. ನಾನು ತೆರೆದು ನೋಡಲಿಲ್ಲ.

ಹದಿನೈದು ದಿನಕ್ಕೆ ಪತ್ರ ಬಂತು. ಪಾಸ್! ಎಂಟೂ ಜನ ಚಪ್ಪಾಳೆ ತಟ್ಟಿದರು, ನನ್ನ ಕಣ್ಣೂ ತುಂಬಿತು. ಆಮೇಲೆ ಮ್ಯಾನೇಜರ್ ಎರಡನೇ ಪುಟ ತಿರುಗಿಸಿದರು. ಅಲ್ಲಿ ಸ್ಯಾಂಪಲ್ಲಿನ ಫೋಟೋ, ಮೋಡೆಮ್ಮಿನ ನೆತ್ತಿಯ ಮೇಲೆ ಅರಿಶಿನ, ಕುಂಕುಮ. ಕೆಳಗೊಂದು ಸಾಲು: ಮಾರುವ ಪ್ರತಿಯೊಂದು ಮೋಡೆಮ್ಮೂ ಈ ಸ್ಯಾಂಪಲ್ಲಿನಂತೆಯೇ ಇರತಕ್ಕದ್ದು.

"ಗೋಡೌನಲ್ಲಿರೋ ಯಾವುದಕ್ಕೂ ಕುಂಕುಮ ಇಲ್ಲವಲ್ರೀ!" ಮ್ಯಾನೇಜರ್ ತಲೆ ಹಿಡಿದುಕೊಂಡರು.

"ಅಷ್ಟೇ ತಾನೇ ಸಾರ್? ಎಂಟು ಜನ ಇದ್ದೀವಿ, ಮಧ್ಯಾಹ್ನದೊಳಗೆ ಎಲ್ಲಾದಕ್ಕೂ ಇಟ್ಟುಬಿಡ್ತೀವಿ," ಎಂದು ಸೂಪರ್‌ವೈಸರಮ್ಮ ಸೆರಗು ಸಿಕ್ಕಿಸಿಯೇಬಿಟ್ಟರು.

ಅವರನ್ನು ತಡೆದು, ಆ ದೇಶದ ಪರೀಕ್ಷಾಲಯಕ್ಕೆ ಇಮೇಲ್ ಬರೆದೆ. ಮರುದಿನವೇ ಉತ್ತರ: "ಕೆಂಪು ಪುಡಿ ಕಡ್ಡಾಯವಲ್ಲ. ಪರೀಕ್ಷೆಯ ಮೇಲೆ ಅದರ ಪರಿಣಾಮವೇನೂ ಇಲ್ಲ."

ಓದಿ ಹೇಳಿದೆ. ಸೂಪರ್‌ವೈಸರಮ್ಮ ಒಪ್ಪಲಿಲ್ಲ. "ಪರಿಣಾಮ ಇಲ್ವಂತಾ? ಕುಂಕುಮ ಇಲ್ದೆ ಹೋದ ಎರಡು ಯಾಕೆ ಫೇಲಾದ್ವು, ಕೇಳಿ ಸಾರ್ ಅವರನ್ನ!"

ಕೇಳುವ ಧೈರ್ಯ ನನಗಿರಲಿಲ್ಲ. ಈಗ ಯಾವ ದೇಶಕ್ಕೆ ಸ್ಯಾಂಪಲ್ ಹೊರಟರೂ ಪ್ಯಾಕಿಂಗ್ ಪಟ್ಟಿಯಲ್ಲಿ ನಾನೇ ಬರೆಯುತ್ತೇನೆ: ಮೋಡೆಮ್ ಒಂದು, ಕೇಬಲ್ ಒಂದು, ಕೆಂಪು ಪುಡಿ ಒಂದು ಚಿಟಿಕೆ. ಪರೀಕ್ಷೆಗೆ ಬೇಕಿಲ್ಲ, ನಮಗೆ ಬೇಕು.