ನೀರು ಸುರಿಯದ ಜಳಕ

ವಿಜಯಪುರದಲ್ಲಿ ಅತಿ ಕಡಿಮೆ ನೀರಿನಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸಬಲ್ಲ ಮನುಷ್ಯ ಯಾರೆಂದು ಕೇಳಿದರೆ, ನಾನು ಹಿಂದೆ ಮುಂದೆ ನೋಡದೆ ಜಲನಗರದ ನನ್ನ ಸೋದರಮಾವನ ಮನೆ ತೋರಿಸುತ್ತೇನೆ. ಅವನಿಗೆ ಅರ್ಧ ಬಕೆಟ್ ಸಾಕು. ಅಷ್ಟರಲ್ಲೇ ಇಡೀ ಕಾರು ತೊಳೆಯುತ್ತಾನೆ, ಹೆಂಡತಿಯನ್ನು ರೇಗಿಸುತ್ತಾನೆ, ಹೆತ್ತ ತಾಯಿಯಿಂದ ಬೈಸಿಕೊಳ್ಳುತ್ತಾನೆ. ಇಷ್ಟೆಲ್ಲ ಆದಮೇಲೂ ಬಕೆಟ್ಟಿನ ತಳದಲ್ಲಿ ಒಂದು ತಂಬಿಗೆ ನೀರು ಉಳಿದಿರುತ್ತದೆ!

ಮಾಮಾ ಬಬಲೇಶ್ವರದ ಸಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ದಿನಾ ಕಾರಿನಲ್ಲೇ ಹೋಗಿ ಬರುತ್ತಾನೆ. ಮುಂಜಾನೆ ಬೆಳ್ಳಗೆ ಹೊರಟ ಕಾರು ಸಂಜೆ ಕಂದು ಬಣ್ಣದ್ದಾಗಿ ಬರುತ್ತದೆ. ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಯಾವನೋ ಹಿಮದ ದೇಶದವನು ನೀರೇ ಸುರಿಯದೆ ಕಾರು ತೊಳೆಯುವುದನ್ನು ಇವನು ನೋಡಿದ. ಆ ದೇಶದ ಚಳಿಯಲ್ಲಿ ನೀರು ಸುರಿದರೆ ಕಾರಿನ ಬಾಗಿಲೇ ಹೆಪ್ಪುಗಟ್ಟಿ ಕೂತುಬಿಡುತ್ತದಂತೆ. ಅಂದಿನಿಂದ ಮಾಮಾನೂ ಚಳಿಗಾಲದಲ್ಲಿ ಕಾರಿಗೆ ನೀರು ಸುರಿಯುವುದನ್ನು ಬಿಟ್ಟ.

"ಅಲ್ರಿ, ಜಲನಗರದಾಗ ಹಿಮ ಯಾವಾಗ ಬಿದ್ದಿತ್ತರಿ?" ಎಂದು ಅತ್ತೆ ಕೇಳಿದಳು.

"ಬೀಳೂತನಾ ಕಾಯ್ಕೊಂತ ಕುಂದರಬೇಕೇನ?" ಎಂದ ಮಾಮಾ.

ಆ ತೊಳೆಯುವಿಕೆಗೆ ಅವನು ಇಟ್ಟುಕೊಂಡ ಮಡಿ ಯಾವ ಪೂಜಾರಿಗೂ ಇರಲಿಕ್ಕಿಲ್ಲ. ಉಗುರುಬೆಚ್ಚಗಿನ ನೀರಿಗೆ ಬಾಟಲಿಯಿಂದ ಒಂದು ಮುಚ್ಚಳದಷ್ಟು ಕಾರು ತೊಳೆಯುವ ಔಷಧಿ. ಎಂಟು ಮೆತ್ತನೆಯ ಅರಿವೆ. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ಒಂದು ಮಡಿಕೆಯಿಂದ ಒಂದೇ ಸಲ ಒರೆಸಬೇಕು. ಒರೆಸಿದ ಕೂಡಲೇ ಒಣ ಅರಿವೆ ಆಡಿಸಬೇಕು. ಹೊಲಸಾದ ಅರಿವೆ ಮತ್ತೆ ಬಕೆಟ್ಟಿಗೆ ಇಳಿಯಕೂಡದು. ಮೇಲಿನಿಂದ ಶುರುಮಾಡಿ ಕೆಳಗೆ ಬರಬೇಕು, ಗಾಲಿ ಕೊನೆಗೆ. ಬೆಚ್ಚಗಿನ ನೀರು ಎಲ್ಲಿಂದ ಬಂತು ಅಂತೀರಾ? ಅತ್ತೆ ತನ್ನ ಜಳಕಕ್ಕೆಂದು ಕಾಸಿಟ್ಟ ಹಂಡೆಯಿಂದ! ಮನೆಯ ಮಂದಿಗೆಲ್ಲ ಕಾರಿನ ಜಳಕ ಆದಮೇಲೆಯೇ ಪಾಳಿ.

ಈ ವಿದ್ಯೆಯನ್ನು ಅತ್ತೆ ಸಹಿಸಿಕೊಂಡಳು, ಓಣಿಯವರು ಹೊಗಳಿದರು. ಒಪ್ಪದೇ ಉಳಿದವಳು ಆಯಿ ಒಬ್ಬಳೇ. ಆಯಿ ಎಂದರೆ ಮಾಮಾನ ತಾಯಿ, ನನ್ನ ಅಜ್ಜಿ. ಕಳ್ಳಕವಟಗಿಯಿಂದ ಬಂದು ಮಗನ ಮನೆಯಲ್ಲಿ ಇದ್ದಾಳೆ. ಅವಳದೊಂದೇ ಕಾಯಿದೆ. ಮುಂಜಾನೆ ಜಳಕ, ಕೊನೆಗೆ ನೆತ್ತಿಯ ಮೇಲೆ ಮೂರು ತಂಬಿಗೆ ನೀರು, ವಿಭೂತಿ, ಲಿಂಗಪೂಜೆ, ಆಮೇಲೆ ತುತ್ತು. ಜ್ವರ ಬಂದರೂ ಅಷ್ಟೇ, ಮದುವೆ ಮನೆಯಾದರೂ ಅಷ್ಟೇ. ಜಳಕವಿಲ್ಲದೆ ಅವಳು ಉಂಡದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ.

ಒಂದು ದಿನ ಮಾಮಾ ಕಾರಿಗೆ ಅರಿವೆ ಆಡಿಸುತ್ತಿದ್ದಾಗ ಫೋನು ಬಂತೆಂದು ಒಳಗೆ ಹೋದ. ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಆಯಿ ಎದ್ದಳು. ತಣ್ಣೀರಿನ ಕೊಡ ಎತ್ತಿ ಮೂರು ತಂಬಿಗೆ ತುಂಬಿಸಿಕೊಂಡು, ಕಾರಿನ ನೆತ್ತಿಗೆ ಒಂದೊಂದಾಗಿ ಹಾಕಿ ಮತ್ತೆ ಬಂದು ಕೂತಳು. ಮಾಮಾ ಹೊರಗೆ ಬಂದು ನೋಡುತ್ತಾನೆ, ಗಾಜಿನ ತುಂಬ ನೀರಿನ ಗೆರೆ!

"ಯವ್ವಾ, ಇದೇನ ಮಾಡಿದಿ?"

"ಸಾಬಾಣ ಹಚ್ಚಿ ಬಿಟ್ಟು ಹೋಗಿದ್ದೆಲ್ಲೋ. ಪಾಪ, ಮೈ ಕಡಿತೈತಿ ಅದಕ."

ಮಾಮಾ ಒಣ ಅರಿವೆ ತಂದು ಮತ್ತೆ ಮೇಲಿನಿಂದ ಶುರುಮಾಡಿದ.

ಇನ್ನೊಮ್ಮೆ ಟಿಕೋಟಾದಲ್ಲಿ ಬೀಗರ ಮನೆಗೆ ಹೋದೆವು. ಅವರದು ದ್ರಾಕ್ಷಿ ತೋಟ. ನಮ್ಮ ಕಡೆಯ ಉಪಚಾರ ನಿಮಗೆ ಗೊತ್ತಲ್ಲ, ಬ್ಯಾಡ ಅಂದಷ್ಟೂ ಜಾಸ್ತಿ. ಮಾಸ್ತರ ಕಾರು ಧೂಳಾಗಿದೆ ಎಂದು ಬೀಗರು ತೋಟಕ್ಕೆ ಔಷಧ ಹೊಡೆಯುವ ಪಂಪಿಗೆ ಚಲೋ ನೀರು ತುಂಬಿಸಿ ತಂದೇ ಬಿಟ್ಟರು. ಮಾಮಾ "ಬ್ಯಾಡ್ರಿ ಬೀಗ್ರ" ಎನ್ನುತ್ತ ಕಾರಿನ ಮುಂದೆ ಎರಡೂ ಕೈ ಚಾಚಿ ನಿಂತ. ಇದೂ ಸಂಕೋಚವೇ ಇರಬೇಕೆಂದು ಬೀಗರು ಪಂಪು ಚಾಲೂ ಮಾಡಿದರು. ಆ ಚಳಿಯಲ್ಲಿ ತಲೆಯಿಂದ ಕಾಲಿನವರೆಗೆ ತೊಯ್ದು, ಅತ್ತೆಯ ಶಾಲು ಹೊದ್ದು ಹಲ್ಲು ಕಟಕಟಿಸುತ್ತ ಮನೆಗೆ ಬಂದ ಮಗನನ್ನು ಆಯಿ ಮೇಲಿಂದ ಕೆಳಗೆ ನೋಡಿದಳು.

"ಇವತ್ತ ಖರೇ ಜಳಕ ಮಾಡಿ ಬಂದಿ ನೋಡಪಾ."

ಹೀಗೆ ನಗುತ್ತಲೇ ಇದ್ದೆವು. ಈ ಚಳಿಗಾಲದಲ್ಲಿ ಆಯಿ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿದು ಆಪರೇಷನ್ ಆಯಿತು. ಹೊಲಿಗೆಗೆ ನೀರು ತಾಗಬಾರದು, ಮೈಗೆ ನೀರು ಹಾಕಲೇಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ದವಾಖಾನೆಯಲ್ಲಿ ಇದ್ದಷ್ಟು ದಿನ ಅವಳು ಸುಮ್ಮನೆ ಕೊಟ್ಟದ್ದನ್ನು ಉಂಡಿದ್ದಳು. ಅದು ಅವರ ಮನೆ, ಅಲ್ಲಿ ಅವರ ಕಾಯಿದೆ. ತನ್ನ ಮನೆಗೆ ಬಂದ ಮರುದಿನವೇ ತನ್ನ ಕಾಯಿದೆ ಶುರು.

"ಜಳಕ ಇಲ್ಲಂದ್ರ ಪೂಜಿ ಇಲ್ಲ. ಪೂಜಿ ಇಲ್ಲಂದ್ರ ಊಟ ಇಲ್ಲ," ಎಂದು ಗೋಡೆಯ ಕಡೆ ಮುಖ ತಿರುವಿದಳು.

ಅತ್ತೆ ಅತ್ತಳು. ಜೋರಾಪುರ ಪೇಟೆಯ ಗಂಡನ ಮನೆಯಿಂದ ಓಡಿ ಬಂದ ನಾನು ಗದರಿಸಿದೆ. ಹೊಟ್ಟೆಗಿಲ್ಲದೆ ಗುಳಿಗೆ ನುಂಗಿಸುವಂತಿಲ್ಲ, ಗುಳಿಗೆ ಇಲ್ಲದೆ ಗಾಯ ಮಾಯುವಂತಿಲ್ಲ. ಎರಡು ದಿನ ಎರಡೆರಡು ಗುಟುಕು ನೀರಿನ ಮೇಲೆ ಕಳೆದಳು. ಎಂಬತ್ತು ದಾಟಿದ ಜೀವ, ನಮ್ಮ ಕಣ್ಣೆದುರಿಗೇ ಬಾಡತೊಡಗಿತು. ನನಗೆ ಖರೇನೇ ಹೆದರಿಕೆಯಾಯಿತು.

ಎಲ್ಲದಕ್ಕೂ ವಾದ ಹೂಡುವ ಮಾಮಾ ಈ ಸಲ ವಾದ ಮಾಡಲಿಲ್ಲ. ಮೂರನೆಯ ಮುಂಜಾನೆ ಹಂಡೆಯ ನೀರು ತೋಡಿ, ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ, ಅರ್ಧ ಬಕೆಟ್ ಹಿಡಿದು ಆಯಿಯ ಖೋಲಿಗೆ ಬಂದ. ಬಗಲಲ್ಲಿ ಎಂಟು ಅರಿವೆ.

ಅತ್ತೆ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. "ಆ ಔಷಧಿ ಬಾಟ್ಲಿ ಎಲ್ಲಿ ಇಟ್ಟೀರಿ?"

"ಕಾರಿನಾಗ ಐತಿ. ಇದು ಬರೇ ನೀರು."

"ಕಾರ ಒರಸೋ ಅರಿವಿ ಏನೋ?" ಆಯಿ ಕಣ್ಣು ತೆರೆಯದೆ ಕೇಳಿದಳು.

"ಇಲ್ಲ ಯವ್ವಾ. ನಿನ್ನಿ ಸಂಜಿಕ ಪ್ಯಾಟಿಗೆ ಹೋಗಿ ಹೊಸಾವು ತಂದೇನಿ. ನಿನ್ನ ಮೈ ಥಂಡಿ ಆಗಾಕ ಬಿಡೂದಿಲ್ಲ."

"ನಾ ಏನ ಕಾರ ಅಲ್ಲ."

"ಕಾರ ಇಷ್ಟ ಹಟಾ ಮಾಡೂದಿಲ್ಲ."

ಆಯಿಯ ತುಟಿಯ ಮೂಲೆ ಸ್ವಲ್ಪ ಸಡಿಲವಾಯಿತು. ಬೇಡ ಎನ್ನಲಿಲ್ಲ. ನಡುವೆ ಒಂದು ಸೀರೆ ಕಟ್ಟಿ ಮರೆ ಮಾಡಿದೆವು. ಒಳಗೆ ಅತ್ತೆ ಮತ್ತು ನಾನು, ಹೊರಗೆ ಮಾಮಾ. ಅವನು ಹಿಂಡಿ ಮಡಿಚಿದ ಅರಿವೆಯನ್ನು ಮರೆಯ ಮೇಲಿನಿಂದ ಕೊಡುತ್ತಿದ್ದ, ಹಿಂದೆಯೇ ಒಂದು ಒಣ ಅರಿವೆ. ಒಂದು ತೋಳು ಒರೆಸಿದರೆ ಅದನ್ನು ಒಣಗಿಸಿ ಕೌದಿಯೊಳಗೆ ಮುಚ್ಚಿದ ಮೇಲೆಯೇ ಇನ್ನೊಂದು ತೋಳು. "ಮಡಿಕಿ ಬದಲಿ ಮಾಡವಾ, ಒತ್ತಬ್ಯಾಡ, ಹಗೂರಕ" ಎಂಬ ಅವನ ದನಿ ಕೇಳುತ್ತಿತ್ತು. ಹೊಲಿಗೆಗೆ ಒಂದು ಹನಿ ತಾಗಲಿಲ್ಲ. ಆಯಿ ಒಂದು ಸಲವೂ ನಡುಗಲಿಲ್ಲ. ಎರಡು ವರ್ಷ ನಾವು ನೋಡಿ ನಕ್ಕ ಕೈಗಳಿಗೆ ಇಷ್ಟು ನಯ ಎಲ್ಲಿಂದ ಬಂತೋ!

ಮರೆ ತೆಗೆದಾಗ ಮುಖ ಮತ್ತು ಪಾದ ಉಳಿದಿದ್ದವು. ಅವನ್ನು ಮಾಮಾನೇ ಒರೆಸಿದ. ಒಡೆದ ಹಿಮ್ಮಡಿಯ ಒಂದೊಂದು ಗೆರೆಯನ್ನೂ ಬಿಡದೆ ಒರೆಸಿದ.

"ನೆತ್ತಿಗೆ?" ಎಂದಳು ಆಯಿ.

ಮಾಮಾ ಬಕೆಟ್ಟಿನಲ್ಲಿ ಬೆರಳು ಅದ್ದಿ ಅವಳ ನೆತ್ತಿಯ ಮೇಲೆ ಮೆಲ್ಲಗೆ ಒಂದು ಹನಿ ಬಿಟ್ಟ. ಆಮೇಲೆ ಇನ್ನೊಂದು. ಇನ್ನೊಂದು. ಆಯಿ ಮನಸ್ಸಿನಲ್ಲೇ ಎಣಿಸಿಕೊಂಡಳು.

"ಆತು. ವಿಭೂತಿ ತಾ."

ಮಲಗಿದಲ್ಲೇ ಪೂಜೆ ಮುಗಿಯಿತು. ಅತ್ತೆ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಂದು ಅವಳ ಮುಂದೆ ಹಿಡಿದಳು. ಆಯಿ ಒಂದು ತುತ್ತು ಮಾಡಿಕೊಂಡಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತ ನಿಂತೆವು. ಅವಳು ಆ ತುತ್ತನ್ನು ಮಗನ ಕಡೆ ಚಾಚಿದಳು.

"ಮೊದಲ ನೀ ಉಣ್ಣ ಯವ್ವಾ."

"ಬಾಯಿ ತಗಿ. ಎರಡ ದಿನ ಆತು, ಹೊರಗ ಉಂಡ ಬಂದೇನಿ ಅಂತ ಹೆಂಡ್ತಿಗೆ ಸುಳ್ಳ ಹೇಳಾಕತ್ತಿ. ಹಸದ ಮಾರಿ ನನಗ ಗೊತ್ತಾಗೂದಿಲ್ಲೇನ?"

ಅತ್ತೆ ತಾಟು ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು; ಅವಳಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಐವತ್ತಾರು ವರ್ಷದ ವಿಜ್ಞಾನದ ಮಾಸ್ತರ, ತಾಯಿಯ ಹಾಸಿಗೆಯ ಪಕ್ಕ ಮೊಣಕಾಲೂರಿ ಬಾಯಿ ತೆರೆದ.